ಹತ್ತನೆಯ ಮಗು: ಕಾಸರಗೋಡಿನ ಕನ್ನಡ ಶಾಲೆ, ಮೌಲ್ಯಪಲ್ಲಟ ಮತ್ತು ತಲೆಮಾರುಗಳು

ಕೇರಳದ ಶಾಲೆಗಳಲ್ಲಿ ಜೂನ್ ತಿಂಗಳ ಆರನೆಯ ಕೆಲಸದ ದಿನಕ್ಕೆ ವಿಶೇಷ ಮಹತ್ತ್ವವಿದೆ. ಅಂದು ತೆಗೆದ ಮಕ್ಕಳ ಲೆಕ್ಕವೇ ಆ ವರ್ಷ ಶಾಲೆಗೆ ಎಷ್ಟು ಡಿವಿಷನ್, ಎಷ್ಟು ಅಧ್ಯಾಪಕ ಹುದ್ದೆ ಎಂಬುದಕ್ಕೆ ಆಧಾರ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಅನೇಕ ಶಾಲೆಗಳಲ್ಲಿ ಕನ್ನಡ ಮಾಧ್ಯಮವೂ ಮಲಯಾಳ ಮಾಧ್ಯಮವೂ ಒಂದೇ ಜಗಲಿಯ ಎರಡು ತುದಿಗಳಲ್ಲಿ ನಡೆಯುತ್ತವೆ. ಕೆಲವೆಡೆ ಇಂಗ್ಲಿಷ್ ಮಾಧ್ಯಮದ ಸಮಾನಾಂತರ ಡಿವಿಷನ್ ಮೂರನೆಯದಾಗಿ ಸೇರಿಕೊಂಡಿದೆ. ಇಂಥ ಶಾಲೆಯ ಮುಖ್ಯೋಪಾಧ್ಯಾಯರಿಗೆ ಆರನೆಯ ದಿನದ ಬೆಳಗ್ಗೆ ಭಾಷೆಯೆಂದರೆ ಸಾಹಿತ್ಯವಲ್ಲ, ಸಂಸ್ಕೃತಿಯಲ್ಲ. ಬೆಂಚಿನಲ್ಲಿ ಕುಳಿತ ತಲೆಗಳ ಎಣಿಕೆ.

ಭಾಷಾ ಅಲ್ಪಸಂಖ್ಯಾತರ ಶೈಕ್ಷಣಿಕ ಹಕ್ಕು ಭಾರತದಲ್ಲಿ ಮೊದಲಿನಿಂದಲೂ ಎಣಿಕೆಯನ್ನೇ ನಂಬಿ ನಿಂತಿದೆ. 1949ರಲ್ಲಿ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನವು ಕೈಗೊಂಡ ನಿರ್ಣಯದಂತೆ, ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಬೋಧಿಸಲು ಕನಿಷ್ಠ ಒಬ್ಬ ಅಧ್ಯಾಪಕರನ್ನು ಒದಗಿಸಬೇಕು. 1956ರಲ್ಲಿ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 350-ಎ ವಿಧಿಯು, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಕಲ್ಪಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು ಹೇಳಿತು. ಸಂಖ್ಯೆಯನ್ನು ಮಾತ್ರ ಹೇಳಲಿಲ್ಲ. ಆಡಳಿತದ ರೂಢಿಯಲ್ಲಿ ಹಳೆಯ ಎಣಿಕೆಯ ತರ್ಕವೇ ಉಳಿಯಿತು. ಇದರ ಪರಿಣಾಮ ಸೂಕ್ಷ್ಮವಾದದ್ದು. ಹಕ್ಕು ಸಮುದಾಯದ್ದು, ಆದರೆ ಅದನ್ನು ಉಳಿಸುವ ಅಥವಾ ಅಳಿಸುವ ತೀರ್ಮಾನ ಒಂದೊಂದು ಮನೆಯದು. ಹತ್ತನೆಯ ಮಗುವಿನ ತಂದೆತಾಯಿ ಬೇರೆ ಮಾಧ್ಯಮವನ್ನು ಆರಿಸಿಕೊಂಡರೆ ಉಳಿದ ಒಂಬತ್ತು ಮಕ್ಕಳ ಹಕ್ಕಿನ ಬುಡವೇ ಸಡಿಲವಾಗುತ್ತದೆ. ಆ ತಂದೆತಾಯಿ ಯಾವುದನ್ನು ಒಳ್ಳೆಯ ಬದುಕೆಂದು ಭಾವಿಸುತ್ತಾರೆ, ಮಗುವಿನ ಸುಖವನ್ನು ಎಲ್ಲಿ ಕಾಣುತ್ತಾರೆ ಎಂಬ ಪ್ರಶ್ನೆ ಆದಕಾರಣ ಖಾಸಗಿಯಾಗಿ ಉಳಿಯುವುದಿಲ್ಲ.

ಮೌಲ್ಯಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ಬದಲಾಗುತ್ತವೆ ಎಂಬುದಕ್ಕೆ ಸಮಾಜವಿಜ್ಞಾನದಲ್ಲಿ ಬಹಳ ಚರ್ಚೆಗೊಳಗಾದ ವಿವರಣೆ ರೊನಾಲ್ಡ್ ಇಂಗಲ್‌ಹಾರ್ಟ್ ಅವರದು. 1977ರ ತಮ್ಮ ಗ್ರಂಥದಲ್ಲಿ ಅವರು ಎರಡು ಊಹೆಗಳನ್ನು ಜೋಡಿಸಿದರು. ಮನುಷ್ಯನು ತನಗೆ ವಿರಳವಾದುದಕ್ಕೆ ಹೆಚ್ಚು ಬೆಲೆ ಕೊಡುತ್ತಾನೆ. ಹಾಗೂ ಅವನ ಮೂಲಭೂತ ಮೌಲ್ಯಗಳು ಬಾಲ್ಯ, ಯೌವನಗಳ ಪರಿಸ್ಥಿತಿಯಲ್ಲಿ ರೂಪುಗೊಂಡು ಮುಂದೆ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ. ಕೊರತೆಯಲ್ಲಿ ಬೆಳೆದವರು ಭದ್ರತೆಯನ್ನು ಬಯಸಿದರೆ, ಭದ್ರತೆಯಲ್ಲಿ ಬೆಳೆದವರು ಆಯ್ಕೆಯನ್ನೂ ಆತ್ಮಾಭಿವ್ಯಕ್ತಿಯನ್ನೂ ಬಯಸುತ್ತಾರೆ. ಸಮಾಜದ ಮನಸ್ಸು ಬದಲಾಗುವುದು ಜನ ಮನಸ್ಸು ಬದಲಿಸುವುದರಿಂದ ಎನ್ನುವುದಕ್ಕಿಂತ ಹಿರಿಯರು ತೀರಿಹೋಗಿ ಕಿರಿಯರು ಮುಂದೆ ಬರುವುದರಿಂದ. ಇದಕ್ಕೂ ಮೊದಲು, 1974ರಲ್ಲಿ, ರಿಚರ್ಡ್ ಈಸ್ಟರ್ಲಿನ್ ಇನ್ನೊಂದು ತೊಡಕನ್ನು ಮುಂದಿಟ್ಟಿದ್ದರು: ಒಂದು ದೇಶದ ಆದಾಯ ಏರಿದಂತೆ ಅಲ್ಲಿನ ಜನರು ಹೇಳಿಕೊಳ್ಳುವ ಸಂತೋಷ ಅದೇ ಪ್ರಮಾಣದಲ್ಲಿ ಏರುವುದಿಲ್ಲ, ಏಕೆಂದರೆ ಮನುಷ್ಯನು ತನ್ನನ್ನು ನೆರೆಯವನ ಜೊತೆ ತೂಗಿ ನೋಡುತ್ತಾನೆ. ಈ ಎರಡು ಚಿಂತನೆಗಳೂ ಇಡೀ ರಾಷ್ಟ್ರವನ್ನು ಒಂದು ಘಟಕವಾಗಿ ಹಿಡಿದವು. ರಾಜ್ಯದ ಅಂಚಿನ ಒಂದು ತಾಲೂಕಿನಲ್ಲಿ, ಒಂದೇ ಮನೆಯೊಳಗೆ ಮೂರು ಭಾಷೆಗಳು ಓಡಾಡುವಲ್ಲಿ, ಅವನ್ನು ಹಾಗೆಯೇ ಅನ್ವಯಿಸಲಾಗದು. ಆದರೂ ಕಾಸರಗೋಡಿನ ಮೂರು ತಲೆಮಾರುಗಳನ್ನು ಎದುರಿಗಿಟ್ಟು ನೋಡಿದಾಗ ಅವು ಕೆಲವು ಮೂಲೆಗಳಿಗೆ ಬೆಳಕು ಚೆಲ್ಲುತ್ತವೆ.

ಮೊದಲು ಒಂದು ಸಂಗತಿಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕಾಸರಗೋಡಿನ ಕನ್ನಡಿಗರೆಲ್ಲರ ಮನೆಮಾತು ಕನ್ನಡವಲ್ಲ. ಹವ್ಯಕರ ಮನೆಗಳಲ್ಲಿ ಕನ್ನಡದ್ದೇ ಒಂದು ಪ್ರಭೇದವಿದೆ. ಉಳಿದಂತೆ ತುಳು, ಕೊಂಕಣಿ, ಕರಾಡ, ಮರಾಟಿ, ಬ್ಯಾರಿ ಮನೆಮಾತುಗಳಾಗಿರುವ ಕುಟುಂಬಗಳು ತಲೆಮಾರುಗಳಿಂದ ಕನ್ನಡವನ್ನು ತಮ್ಮ ಬರಹದ, ಓದಿನ, ಸಭೆಯ ಭಾಷೆಯಾಗಿ ಸ್ವೀಕರಿಸಿಕೊಂಡು ಬಂದಿವೆ. 1949ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿ ಎಂಬ ಗೌರವ ಪಡೆದ ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ, ಕಾಸರಗೋಡಿನ ವಿಲೀನೀಕರಣಕ್ಕಾಗಿ ಜೀವಮಾನವಿಡೀ ಹೋರಾಡಿ, ನೂರು ವರ್ಷ ತುಂಬಿದ ಬಳಿಕ 2015ರಲ್ಲಿ ತೀರಿಕೊಂಡ ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಅವರು ತುಳುವಿನಲ್ಲಿಯೂ ಕವಿತೆ ಬರೆದರು. ಈ ಇಬ್ಬರಿಗೂ ಕನ್ನಡವು ತಾಯಿಯಿಂದ ತಾನಾಗಿ ಬಂದ ಸೊತ್ತಾಗಿರಲಿಲ್ಲ, ಬೆಲೆಯರಿತು ಒಲಿಸಿಕೊಂಡ ಭಾಷೆಯಾಗಿತ್ತು. ಕಾಸರಗೋಡಿನಲ್ಲಿ ಕನ್ನಡವೆಂಬುದು ಜನ್ಮದಷ್ಟೇ ಮೌಲ್ಯದ ವಿಷಯವೂ ಹೌದು. ಅದರ ಬಲವೂ ಅಲ್ಲಿದೆ, ದೌರ್ಬಲ್ಯವೂ ಅಲ್ಲಿದೆ.

ಈ ಮೌಲ್ಯ ಎಲ್ಲಿಂದ ಬಂತು? ಕಾಸರಗೋಡು ತಾಲೂಕು 1956ರ ವರೆಗೆ ಮದರಾಸು ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಜಿಲ್ಲಾ ಕೇಂದ್ರ ಮಂಗಳೂರು. ಕಚೇರಿಯ ಅರ್ಜಿ, ಭೂಮಿಯ ದಾಖಲೆ, ಪಾಠಪುಸ್ತಕ ಎಲ್ಲವೂ ಕನ್ನಡದಲ್ಲಿದ್ದವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ತುಳುವಿನಲ್ಲಿ ಧರ್ಮಗ್ರಂಥಗಳನ್ನು ಅಚ್ಚು ಹಾಕಿಸಿದರೂ ಶಾಲೆಗಳಿಗೆ ಮುಖ್ಯವಾಗಿ ಕನ್ನಡವನ್ನು ಆರಿಸಿಕೊಂಡಿತು. ಐಗಳ ಶಾಲೆಯಲ್ಲಿ ಮರಳ ಮೇಲೆ ಅಕ್ಷರ ತಿದ್ದಿದ ತುಳು ಮನೆಯ ಹುಡುಗನಿಗೆ ಕನ್ನಡವೆಂದರೆ ಅಕ್ಷರವೇ. 'ಅವನಿಗೆ ಕನ್ನಡ ಬರುತ್ತದೆ' ಎಂಬ ಮಾತಿಗೆ 'ಅವನು ಓದಿದವನು' ಎಂಬ ಅರ್ಥವಿತ್ತು.

ಆ ತಲೆಮಾರಿನ ಸುಖದ ಕಲ್ಪನೆಗೆ ಹತ್ತಿರದ ಪದ 'ಮರ್ಯಾದೆ'. ಕನ್ನಡದಲ್ಲಿ ಈ ಪದಕ್ಕೆ ಗೌರವವೆಂಬ ಅರ್ಥವೂ ಇದೆ, ಮೇರೆ ಎಂಬ ಅರ್ಥವೂ ಇದೆ. ತನಗೆ ಸಲ್ಲುವ ಸ್ಥಾನ ತಿಳಿದು, ಆ ಸ್ಥಾನದಲ್ಲಿ ನಾಲ್ಕು ಜನರ ನಡುವೆ ತಲೆಯೆತ್ತಿ ಕೂರುವುದು ಸುಖ. ಶಿಕ್ಷಣ ಅದಕ್ಕೆ ದಾರಿ. ತಾಳಮದ್ದಳೆಯ ರಂಗವನ್ನು ಇಲ್ಲಿ ನೆನೆಯದಿರಲಾಗದು. ಮನೆಯಲ್ಲಿ ತುಳುವಿನಲ್ಲಿ ಉಂಡು, ಗದ್ದೆಯಲ್ಲಿ ತುಳುವಿನಲ್ಲಿ ಬೈದು ಬಂದ ವ್ಯಕ್ತಿ ಸಂಜೆ ದೇವಸ್ಥಾನದ ಚಾವಡಿಯಲ್ಲಿ ಕೃಷ್ಣನಾಗಿಯೋ ಕರ್ಣನಾಗಿಯೋ ಗಂಟೆಗಟ್ಟಲೆ ಶುದ್ಧ ಕನ್ನಡದಲ್ಲಿ ವಾದ ಹೂಡುತ್ತಿದ್ದನು. ಒಂದು ಇಂಗ್ಲಿಷ್ ಪದ ನುಸುಳಿದರೆ ಅದು ಅರ್ಥಧಾರಿಗೆ ಅವಮಾನ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ಬೆಳೆದುಬಂದದ್ದು ಇಂಥ ಪರಿಸರದಿಂದ. ಯಾವ ಪಠ್ಯಕ್ರಮವೂ ಇಲ್ಲದ ಈ ವಿದ್ಯಾಲಯವು ಶಾಲೆ ಬಿಟ್ಟವರಿಗೂ ಕನ್ನಡದ ಉನ್ನತ ಶಿಕ್ಷಣ ಕೊಟ್ಟಿತು. ಆದರೆ ಈ ಮರ್ಯಾದೆಯ ವ್ಯವಸ್ಥೆಯನ್ನು ಹೊನ್ನಿನ ಕಾಲವೆಂದು ಬಣ್ಣಿಸುವುದು ತಪ್ಪಾದೀತು. ಚಾವಡಿಯೊಳಗೆ ಯಾರು, ಅಂಗಳದಲ್ಲಿ ಯಾರು, ಅಂಗಳದಾಚೆ ಯಾರು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಮೇರೆಯೆಂಬ ಅರ್ಥ ಗೌರವವೆಂಬ ಅರ್ಥದ ಬೆನ್ನಿಗೇ ಇತ್ತು.

1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಈ ನಡುವೆ ಬೆಳೆದ ತಲೆಮಾರಿಗೆ ಕನ್ನಡ ಮರ್ಯಾದೆಯ ಭಾಷೆಯಾಗಿ ಬಂದು ಹಕ್ಕಿನ ಭಾಷೆಯಾಗಿ ಮಾರ್ಪಟ್ಟಿತು. ತಂದೆಗೆ ಸಹಜವಾಗಿ ದೊರೆತದ್ದನ್ನು ಮಗ ಮನವಿ ಸಲ್ಲಿಸಿ, ಮೆರವಣಿಗೆ ಹೋಗಿ, ನ್ಯಾಯಾಲಯದ ಮೆಟ್ಟಿಲೇರಿ ಪಡೆಯಬೇಕಾಯಿತು. ಇಂಗಲ್‌ಹಾರ್ಟ್ ಹೇಳುವ 'ವಿರಳವಾದುದಕ್ಕೆ ಬೆಲೆ' ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ದೊರೆಯುವುದು ಕಷ್ಟ.

ಅದೇ ಹೊತ್ತಿಗೆ ಈ ತಲೆಮಾರು ಕೇರಳದಿಂದಲೂ ಕಲಿಯಿತು ಎಂಬುದನ್ನು ಕನ್ನಡದ ಬರಹಗಳು ಸಾಮಾನ್ಯವಾಗಿ ಮರೆತುಬಿಡುತ್ತವೆ. ಶಿಕ್ಷಣವು ಮನೆತನದ ಗೌರವವಲ್ಲ, ಎಲ್ಲರ ಹಕ್ಕು. ಊರಿಗೊಂದು ವಾಚನಾಲಯ ಬೇಕು. ಬಡವನ ಮಗಳೂ ಲೋಕಸೇವಾ ಆಯೋಗದ ಪರೀಕ್ಷೆಗೆ ಕೂರಬೇಕು ಎಂಬ ಕೇರಳದ ಸಾರ್ವಜನಿಕ ಮೌಲ್ಯಗಳು ಗಡಿಯ ಕನ್ನಡಿಗರ ಬದುಕನ್ನೂ ತಿದ್ದಿದವು. 1991ರ ಏಪ್ರಿಲ್‌ನಲ್ಲಿ ರಾಜ್ಯವು ಸಂಪೂರ್ಣ ಸಾಕ್ಷರವೆಂದು ಘೋಷಿಸಿಕೊಂಡಾಗ ಆ ಹೆಮ್ಮೆಯಲ್ಲಿ ಕನ್ನಡ ಅಕ್ಷರ ಕಲಿತವರ ಪಾಲೂ ಇತ್ತು. ಚಾವಡಿಯ ಹೊರಗಿದ್ದವರ ಮಕ್ಕಳು ಕನ್ನಡ ಮಾಧ್ಯಮದ ಅಧ್ಯಾಪಕರಾದದ್ದು ಹೊಸ ರಾಜ್ಯದ ಈ ಸಮತೆಯ ಗಾಳಿಯಲ್ಲಿಯೇ. ಒಂದು ರಾಜ್ಯವನ್ನು ವಿರೋಧಿಸುತ್ತಲೇ ಅದರ ಮೌಲ್ಯಗಳನ್ನು ಮೈಗೂಡಿಸಿಕೊಂಡ ತಲೆಮಾರು ಇದು.

ಇಲ್ಲಿ ಒಂದು ವರ್ತುಲವನ್ನು ಗಮನಿಸಬೇಕು. ಕೇರಳದಲ್ಲಿ ಕನ್ನಡ ಓದಿದವರಿಗೆ ಕನ್ನಡದ ಬಲದಿಂದಲೇ ದೊರೆಯುವ ಉದ್ಯೋಗ ಬಹುಮಟ್ಟಿಗೆ ಕನ್ನಡ ಶಾಲೆಯ ಅಧ್ಯಾಪಕ ವೃತ್ತಿಯೇ. ಶಾಲೆ ಕನ್ನಡ ಬಲ್ಲವರನ್ನು ತಯಾರಿಸುತ್ತದೆ, ಅವರಿಗೆ ಕೆಲಸ ಕೊಡುವುದೂ ಶಾಲೆಯೇ. ಡಿವಿಷನ್ ಇಳಿದರೆ ಹುದ್ದೆ ಇಳಿಯುತ್ತದೆ. ಹುದ್ದೆ ಇಳಿದರೆ ಕನ್ನಡ ಓದುವುದಕ್ಕೆ ಇದ್ದ ಲೌಕಿಕ ಕಾರಣ ಇಳಿಯುತ್ತದೆ. ಆಗ ಮತ್ತೆ ಡಿವಿಷನ್ ಇಳಿಯುತ್ತದೆ. ಪಿಯೆರ್ ಬೋರ್ದಿಯೊ ಭಾಷೆಗೊಂದು ಮಾರುಕಟ್ಟೆಯಿದೆ ಎಂದರು. ಇಲ್ಲಿ ಆ ಮಾರುಕಟ್ಟೆಯ ಕೊಳ್ಳುವವನೂ ಮಾರುವವನೂ ಹೆಚ್ಚುಕಡಿಮೆ ಒಬ್ಬನೇ. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಬಾರದವರು ನೇಮಕಗೊಂಡಾಗ ಕಾಸರಗೋಡಿನಲ್ಲಿ ಮತ್ತೆ ಮತ್ತೆ ಪ್ರತಿಭಟನೆ ಎದ್ದದ್ದಕ್ಕೆ ಇದೂ ಕಾರಣ. ಹೊರಗಿನವರು ಅದನ್ನು ಉದ್ಯೋಗದ ಜಗಳವೆಂದು ಕಂಡರೆ ಆಶ್ಚರ್ಯವಿಲ್ಲ. ತರಗತಿಯ ಒಳಗಿನಿಂದ ನೋಡಿದರೆ ಅದು ಬೇರೆಯೇ. ಗಣಿತದ ಪ್ರಶ್ನೆಯೊಂದನ್ನು ಅರ್ಥವಾಗದ ಭಾಷೆಯಲ್ಲಿ ಕೇಳಿಸಿಕೊಂಡ ಮಗು ತನ್ನನ್ನು ದಡ್ಡನೆಂದು ತಿಳಿಯುತ್ತದೆ, ಅಧ್ಯಾಪಕರನ್ನಲ್ಲ. ಮಗುವಿನ ಕಲಿಕೆಗೆ ಮಾತೃಭಾಷೆಯೇ ಉತ್ತಮ ಮಾಧ್ಯಮವೆಂದು ಯುನೆಸ್ಕೋ 1953ರಲ್ಲಿಯೇ ಹೇಳಿತ್ತು.

2018ರಲ್ಲಿ ತೆರೆಕಂಡ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು' ಚಲನಚಿತ್ರ ಈ ಪ್ರಸಂಗವನ್ನು ಹಾಸ್ಯದ ಮೂಲಕ ಕರ್ನಾಟಕದ ಮನೆಮನೆಗೆ ತಲುಪಿಸಿತು. ಉತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಬೆಂಗಳೂರಿನ ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟಿದವರಲ್ಲಿ ಎಷ್ಟು ಮಂದಿಯ ಮಕ್ಕಳು ಕನ್ನಡ ಮಾಧ್ಯಮದಲ್ಲಿದ್ದರು ಎಂಬ ಪ್ರಶ್ನೆಯನ್ನು ಕೇಳುವುದು ಸೌಜನ್ಯವಲ್ಲವಾದರೂ, ವಿಷಯದ ತಿರುಳು ಅಲ್ಲಿಯೇ ಇದೆ. ಭಾವದಲ್ಲಿ ಹೊತ್ತ ಮೌಲ್ಯವೂ ವ್ಯವಹಾರದಲ್ಲಿ ನಡೆಸುವ ಮೌಲ್ಯವೂ ಒಂದೇ ಆಗಿರಬೇಕೆಂದಿಲ್ಲ. ಗಡಿಯೊಳಗಿನವನಿಗೆ ಈ ಬಿರುಕಿನ ಬೆಲೆ ತೆರಬೇಕಾಗುವುದಿಲ್ಲ, ಗಡಿಯಾಚೆಯವನು ತೆರಬೇಕಾಗುತ್ತದೆ.

ಮೂರನೆಯ ತಲೆಮಾರಿನ ಮಾತು ಇನ್ನೂ ತೊಡಕಿನದು. ಕೊಲ್ಲಿ ದೇಶಗಳ ದುಡಿಮೆ, ಮಂಗಳೂರಿನ ಕಾಲೇಜು, ಬೆಂಗಳೂರಿನ ಕೆಲಸ ಎಂಬ ಮೂರು ದಿಕ್ಕುಗಳ ನಡುವೆ ಬೆಳೆದ ಇವರ ತಂದೆತಾಯಿ ಇಂಗ್ಲಿಷ್ ಮಾಧ್ಯಮದತ್ತ ನೋಡುವುದು ವಿಚಾರಹೀನತೆಯಿಂದಲ್ಲ. ಮಲಯಾಳ ಬಾರದೆ ರಾಜ್ಯದ ಕಚೇರಿಯಲ್ಲಿ ತೊಡಕು, ಇಂಗ್ಲಿಷ್ ಬಾರದೆ ಹೊರಗೆ ತೊಡಕು ಎಂದು ಕಂಡವರು ಮಗುವಿನ ಮುಂದಿನ ನೆಮ್ಮದಿಯನ್ನು ಲೆಕ್ಕ ಹಾಕುತ್ತಾರೆ. ಕನ್ನಡ ಶಾಲೆಯ ಅಧ್ಯಾಪಕರೇ ತಮ್ಮ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕಳಿಸುತ್ತಾರೆಂಬ ಆಕ್ಷೇಪ ಹಳತಾಗಿದೆ. ಅದನ್ನು ಕಪಟವೆಂದು ಬೈದರೆ ವಿವರಣೆ ಮುಗಿಯುವುದಿಲ್ಲ. ಈಸ್ಟರ್ಲಿನ್ ಹೇಳಿದ ಹೋಲಿಕೆಯ ಒತ್ತಡ ಇಲ್ಲಿ ಕೆಲಸ ಮಾಡುತ್ತಿದೆ. ನೆರೆಮನೆಯ ಮಗು ಟೈ ಕಟ್ಟಿಕೊಂಡು ಶಾಲಾ ಬಸ್ಸು ಹತ್ತಿದ ದಿನದಿಂದ ಇತ್ತಲಿನ ಮನೆಯ ನೆಮ್ಮದಿ ಕದಡುತ್ತದೆ. ಎಲ್ಲರೂ ಬಸ್ಸು ಹತ್ತಿದ ಮೇಲೆ ಯಾರಿಗೂ ಮುನ್ನಡೆ ಉಳಿಯುವುದಿಲ್ಲ; ಊರಿನ ಶಾಲೆ ಮಾತ್ರ ಇಲ್ಲವಾಗಿರುತ್ತದೆ.

ಈ ಆಯ್ಕೆಗೆ ಕಾನೂನಿನ ಬೆಂಬಲವೂ ಇದೆ. ಪ್ರಾಥಮಿಕ ಶಿಕ್ಷಣದಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಗೊಳಿಸಿದ ಕರ್ನಾಟಕ ಸರಕಾರದ ಆದೇಶದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2014ರ ಮೇ ತಿಂಗಳಲ್ಲಿ ನೀಡಿದ ತೀರ್ಪು ಗಡಿನಾಡಿನ ದೃಷ್ಟಿಯಿಂದ ಎರಡಲಗಿನ ಕತ್ತಿ. ರಾಜ್ಯವು ಮಾಧ್ಯಮವನ್ನು ಹೇರುವಂತಿಲ್ಲ ಎಂದು ಅದು ಹೇಳಿತು. ಇದು ಎಲ್ಲರಿಗೂ ನೆನಪಿರುವ ಭಾಗ. ಮಗುವಿನ ಮಾತೃಭಾಷೆ ಯಾವುದೆಂಬುದನ್ನು ತಂದೆತಾಯಿ ಅಥವಾ ಪೋಷಕರೇ ನಿರ್ಧರಿಸಬೇಕೆಂದೂ ಅದೇ ತೀರ್ಪು ಹೇಳಿತು. ಇದು ಅಷ್ಟಾಗಿ ಚರ್ಚೆಯಾಗದ ಭಾಗ. ಮನೆಯಲ್ಲಿ ತುಳು ಆಡುವ ಕುಟುಂಬ ತನ್ನನ್ನು ಕನ್ನಡ ಅಲ್ಪಸಂಖ್ಯಾತ ಸಮುದಾಯದ ಸದಸ್ಯನೆಂದು ಹೇಳಿಕೊಳ್ಳಲು ಇದರಲ್ಲಿ ಆಸರೆಯಿದೆ. ಒಂದೇ ತೀರ್ಪು ಕನ್ನಡ ಶಾಲೆಯ ಬಾಗಿಲನ್ನು ಒಳಬರುವವರಿಗೂ ಹೊರಹೋಗುವವರಿಗೂ ಸಮನಾಗಿ ತೆರೆದಿಟ್ಟಿತು.

ಹೊಸ ತಲೆಮಾರಿನಲ್ಲಿ ಆತ್ಮಾಭಿವ್ಯಕ್ತಿಯ ಹಂಬಲ ಇನ್ನೊಂದು ರೂಪದಲ್ಲಿಯೂ ಕಾಣಿಸಿಕೊಂಡಿದೆ. 'ನಮ್ಮದು ತುಳು' ಎಂದು ಹೇಳಿಕೊಳ್ಳುವುದು ಈಗ ಹೆಮ್ಮೆ. ಇದು ಸಹಜ, ನ್ಯಾಯವೂ ಹೌದು. ಬಹುಕಾಲ ಬರಹದಿಂದ ಹೊರಗುಳಿದ ಭಾಷೆ ತನ್ನ ಸ್ಥಾನವನ್ನು ಕೇಳುತ್ತಿದೆ. ಆದರೆ ಜನಗಣತಿಯು ಪ್ರತಿಯೊಬ್ಬರಿಂದ ಒಂದೇ ಮಾತೃಭಾಷೆಯನ್ನು ಬರೆದುಕೊಳ್ಳುತ್ತದೆ. 2011ರ ಗಣತಿಯಲ್ಲಿ ಕಾಸರಗೋಡು ಜಿಲ್ಲೆಯಲ್ಲಿ ತುಳುವನ್ನು ಹೇಳಿದವರ ಸಂಖ್ಯೆ ಕನ್ನಡವನ್ನು ಹೇಳಿದವರ ಸಂಖ್ಯೆಗಿಂತ ಹೆಚ್ಚು. ಕನ್ನಡದಲ್ಲಿ ಓದಿ, ಕನ್ನಡ ಪತ್ರಿಕೆ ತರಿಸಿ, ಕನ್ನಡ ಯಕ್ಷಗಾನ ನೋಡುವ ತುಳು ಮನೆ ಮಾತೃಭಾಷಾ ಕೋಷ್ಟಕದಲ್ಲಿ ಕನ್ನಡದ ಲೆಕ್ಕಕ್ಕೆ ಬರುವುದೇ ಇಲ್ಲ. ಗಣತಿದಾರರು ಮಾತೃಭಾಷೆಯಲ್ಲದೆ ಬಲ್ಲ ಇನ್ನೆರಡು ಭಾಷೆಗಳನ್ನೂ ಕೇಳುತ್ತಾರೆ. ಆ ಮಾಹಿತಿ ದ್ವಿಭಾಷಿಕತೆಯ ಸಿ-17 ಕೋಷ್ಟಕದಲ್ಲಿದೆ. ಅಲ್ಪಸಂಖ್ಯಾತರ ಸೌಕರ್ಯದ ಚರ್ಚೆ ಮಾತ್ರ ಸಾಮಾನ್ಯವಾಗಿ ಸಿ-16ರಲ್ಲಿಯೇ ನಿಂತುಬಿಡುತ್ತದೆ. ಗಡಿನಾಡಿನ ಸಂಶೋಧಕರು ಈ ಎರಡನ್ನೂ ಒಟ್ಟಿಗಿಟ್ಟು ಓದುವ ಅಗತ್ಯವಿದೆ.

ನೀಲಗಿರಿಯ ಬಡಗರ ಸ್ಥಿತಿ ಇದಕ್ಕೆ ಕನ್ನಡಿಯಲ್ಲಿ ಕಂಡ ಬಿಂಬದಂತೆ ತಿರುಗುಮುರುಗು. ಜನಗಣತಿ ಬಡಗ ನುಡಿಯನ್ನು ಕನ್ನಡದ ಗುಂಪಿನೊಳಗೆ ಸೇರಿಸುತ್ತದೆ, ಆದರೆ ಬಡಗ ಮಕ್ಕಳು ಓದುವುದು ತಮಿಳಿನಲ್ಲಿ ಅಥವಾ ಇಂಗ್ಲಿಷಿನಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಸೆಲ್ ಮಿಷನ್ ಅಲ್ಲಿಯೂ ಕನ್ನಡದಲ್ಲಿಯೇ ಕಲಿಸಿತ್ತು, ಅದು ನಿಲ್ಲಲಿಲ್ಲ. ಶಾಲೆಯ ಆಸರೆ ಇಲ್ಲದೆಯೂ ಬಡಗ ನುಡಿ ಹಟ್ಟಿಗಳಲ್ಲಿ, ಹೆತ್ತೆಯಮ್ಮನ ಹಬ್ಬದಲ್ಲಿ, ಸಾವಿನ ವಿಧಿಗಳಲ್ಲಿ ಬದುಕಿದೆ. ಅಳಿವಿನಂಚಿನ ಭಾಷೆಗಳ ಪುನಶ್ಚೇತನವನ್ನು ಕುರಿತ 1991ರ ಗ್ರಂಥದಲ್ಲಿ ಜೋಶುವಾ ಫಿಶ್‌ಮನ್ ಹೇಳಿದ್ದು ಇದನ್ನೇ: ಭಾಷೆಯ ಗಟ್ಟಿ ನೆಲೆ ಮನೆ, ನೆರೆಹೊರೆ, ತಲೆಮಾರುಗಳ ನಡುವಿನ ಮಾತು, ಶಾಲೆ ಅದಕ್ಕೆ ಬದಲಿಯಾಗಲಾರದು. ಬಡಗರಿಗೆ ಇದು ಸರಿಯಾಗಿ ಒಪ್ಪುತ್ತದೆ. ಕಾಸರಗೋಡಿನ ತುಳು, ಕೊಂಕಣಿ ಮನೆಗಳ ಕನ್ನಡಕ್ಕೆ ಒಪ್ಪುವುದಿಲ್ಲ. ಅಲ್ಲಿ ಕನ್ನಡ ಎಂದೂ ಅಡುಗೆಮನೆಯಿಂದ ದಾಟಿ ಬಂದದ್ದಲ್ಲ. ಶಾಲೆ, ದೇವಸ್ಥಾನ, ರಂಗಸ್ಥಳ, ಪತ್ರಿಕೆಗಳಿಂದ ದಾಟಿ ಬಂದದ್ದು. ಶಾಲೆ ಹೋದರೆ ಹಿಡಿದುಕೊಳ್ಳಲು ಮನೆಯಲ್ಲಿ ಏನೂ ಇಲ್ಲ. ಫಿಶ್‌ಮನ್ನರ ಮಾದರಿಯನ್ನು ಗಡಿನಾಡಿಗೆಲ್ಲ ಒಂದೇ ಅಳತೆಯಲ್ಲಿ ಹೊಲಿಯಲು ಹೊರಡುವವರು ಈ ಭೇದವನ್ನು ಗಮನಿಸುವುದೊಳಿತು. ಹೊಸೂರು, ತಾಳವಾಡಿಗಳಲ್ಲಿ 2006ರ ತಮಿಳು ಕಲಿಕಾ ಕಾಯಿದೆ, ಜತ್ತ, ಅಕ್ಕಲಕೋಟೆಗಳಲ್ಲಿ 2020ರ ಮರಾಠಿ ಕಡ್ಡಾಯ ಕಾಯಿದೆ, ಕಾಸರಗೋಡಿನಲ್ಲಿ 2017ರ ಮಲಯಾಳ ಕಲಿಕಾ ಕಾಯಿದೆ ಎಬ್ಬಿಸಿದ ಪ್ರಶ್ನೆಗಳು ಮೇಲುನೋಟಕ್ಕೆ ಒಂದೇ. ಮನೆಮಾತೇ ಕನ್ನಡವಾದ ಜತ್ತದ ಹಳ್ಳಿಗೂ ಮನೆಮಾತು ತುಳುವಾದ ಮಂಜೇಶ್ವರದ ಹಳ್ಳಿಗೂ ಅವುಗಳ ಪರಿಣಾಮ ಒಂದೇ ಅಲ್ಲ.

ಸೇರಿದ ಭಾವವಿಲ್ಲದೆ ಸಂತೋಷದ ಚರ್ಚೆ ಪೂರ್ಣವಾಗದು. 2020ರ ಮಾರ್ಚ್ ತಿಂಗಳ ಕೊನೆಗೆ ಸಾಂಕ್ರಾಮಿಕದ ಭಯದಿಂದ ಕರ್ನಾಟಕವು ಕಾಸರಗೋಡಿನ ಗಡಿರಸ್ತೆಗಳನ್ನು ಮುಚ್ಚಿತು. ಕೆಲವೆಡೆ ರಸ್ತೆಗೆ ಮಣ್ಣು ಸುರಿಯಲಾಯಿತು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ರೋಗಿಗಳು ತಲಪಾಡಿಯಿಂದ ಹಿಂದಿರುಗಬೇಕಾಯಿತು. ವಿಷಯ ಕೇರಳ ಹೈಕೋರ್ಟಿಗೂ ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. 1956ರಿಂದ ಉತ್ತರದ ಕಡೆ ಮುಖ ಮಾಡಿ ಮನವಿ ಬರೆದ ತಲೆಮಾರಿಗೆ ಈ ಮಣ್ಣಿನ ರಾಶಿ ಒಂದು ರೀತಿ ಕಂಡಿತು, ಅದನ್ನು ಮೊಬೈಲ್ ಪರದೆಯಲ್ಲಿ ನೋಡಿದ ಇಪ್ಪತ್ತರ ಹರೆಯಕ್ಕೆ ಇನ್ನೊಂದು ರೀತಿ. ಬಾಲ್ಯ, ಯೌವನಗಳ ಅನುಭವವೇ ಮೌಲ್ಯವನ್ನು ಕಡೆಯುತ್ತದೆ ಎಂಬುದು ನಿಜವಾದರೆ, ಕನ್ನಡವೂ ಕರ್ನಾಟಕವೂ ಒಂದೇ ಎಂಬ ಹಿರಿಯರ ಸಮೀಕರಣ ಈ ಹರೆಯದವರಿಗೆ ತಾನಾಗಿ ದಾಟಲಾರದು. ಅವರಲ್ಲಿ ಕನ್ನಡವನ್ನು ಆರಿಸಿಕೊಳ್ಳುವವರು ಕೇರಳದ ಕನ್ನಡಿಗರಾಗಿಯೇ ಆರಿಸಿಕೊಳ್ಳಬೇಕಾದೀತು. ಮಲಯಾಳವನ್ನು ನಿರಾಳವಾಗಿ ಆಡುತ್ತ, ತುಳುವನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತ, ಬೇಸಗೆಯ ಶಿಬಿರದಲ್ಲಿ ಯಕ್ಷಗಾನದ ಹೆಜ್ಜೆ ಕಲಿಯುವ ಮಕ್ಕಳಲ್ಲಿ ಈ ಬಗೆಯ ಕನ್ನಡತನ ಆಗಲೇ ಕಾಣುತ್ತಿದೆ. ಅದಕ್ಕೆ ಇನ್ನೂ ಸಂಘಟನೆಯ ಹೆಸರಿಲ್ಲ, ಬೇಡಿಕೆಯ ಪಟ್ಟಿಯಿಲ್ಲ.

ಆ ಮಕ್ಕಳಲ್ಲಿ ಎಷ್ಟು ಮಂದಿ ಕನ್ನಡ ಡಿವಿಷನ್ನಿನ ಬೆಂಚಿನಲ್ಲಿದ್ದಾರೆ ಎಂಬುದು ಬೇರೆ ಪ್ರಶ್ನೆ. ಹೆಜ್ಜೆ ಕಲಿಯುವ ಮಗು ಇಂಗ್ಲಿಷ್ ಮಾಧ್ಯಮದಲ್ಲಿರಬಹುದು; ಭಾಗವತರ ಪದ ಕೇಳಿ ತಲೆದೂಗುವ ಅದರ ಅಜ್ಜ ಐಗಳ ಶಾಲೆಯವರಿರಬಹುದು; ಶಾಲೆಗೆ ಸೇರಿಸುವ ಅರ್ಜಿಗೆ ಸಹಿ ಹಾಕುವವರು ಇಬ್ಬರ ನಡುವಿನವರು, ಹಕ್ಕಿಗಾಗಿ ಮೆರವಣಿಗೆ ಹೋದವರು. ಜೂನ್ ಮೊದಲ ವಾರ ಆ ಅರ್ಜಿ ಅವರ ಮೇಜಿನ ಮೇಲಿರುತ್ತದೆ. ಆರನೆಯ ಕೆಲಸದ ದಿನಕ್ಕೆ ಮೊದಲು ಅವರು ಮಾಧ್ಯಮದ ಅಂಕಣವನ್ನು ತುಂಬಬೇಕು.